ತೂಕ ಇಳಿಸುವ ಚುಚ್ಚುಮದ್ದು: ಮನೆಯಲ್ಲಿ ಕಾಯ್ದಿಡುವ ಬಗೆ

ಬೆಳಗಾವಿಯ ತಿಲಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಹೆಸರನ್ನು ಕೇಳದವರಿಲ್ಲ. ಇಂದಿನವರಿಗೆ ಅದು ಗಿಡಮರಗಳ ವಿಶಾಲವಾದ ಮೈದಾನ. ಬ್ರಿಟಿಷರ ಆಳಿಕೆಯಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ತೋಳಿನ ಮೇಲೆ ದೇವಿ ಹಾಕಿಸಿಕೊಂಡ ಗುರುತುಳ್ಳ ಹಿರಿಯರು ಈಗಲೂ ನಮ್ಮ ಮನೆಗಳಲ್ಲಿದ್ದಾರೆ. ದ್ರವರೂಪದ ಆ ಹಳೆಯ ಲಸಿಕೆಯು ಬಿಸಿಗೆ ಬಹುಬೇಗ ಶಕ್ತಿಗುಂದುತ್ತಿತ್ತು. ಅದನ್ನು ತಯಾರಿಸುವುದು ಒಂದು ಕಷ್ಟವಾದರೆ, ಕೆಡದಂತೆ ದೂರದ ಹಳ್ಳಿಗೆ ಮುಟ್ಟಿಸುವುದು ಅದಕ್ಕಿಂತ ದೊಡ್ಡ ಕಷ್ಟ. ಬಿಸಿಯನ್ನು ತಾಳಬಲ್ಲ ಒಣ ಲಸಿಕೆಯನ್ನು ಹೇರಳವಾಗಿ ತಯಾರಿಸುವ ವಿಧಾನ 1950ರ ದಶಕದಲ್ಲಿ ಕೈಗೂಡಿದ ಮೇಲೆಯೇ ಉಷ್ಣದೇಶಗಳಲ್ಲಿ ಸಿಡುಬನ್ನು ಅಟ್ಟುವ ದಾರಿ ತೆರೆಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ರೋಗ ನಿರ್ಮೂಲವಾಯಿತೆಂದು ಸಾರಿತು.

ಈ ಹಳೆಯ ಸಂಗತಿಯನ್ನು ಇಲ್ಲಿ ನೆನೆಯಲು ಕಾರಣವಿದೆ. ಮದ್ದನ್ನು ತಂಪಿನಲ್ಲಿ ಕಾಯುವ ಹೊಣೆಯು ಅಂದು ಸರಕಾರದ ಇಲಾಖೆಗಳದಾಗಿತ್ತು. ಇಂದು ಅದು ನಮ್ಮ ಅಡುಗೆಮನೆಯ ಫ್ರಿಜ್ಜಿಗೆ, ಅಂದರೆ ಮನೆಯ ತಾಯಂದಿರ ಪಾಲಿಗೆ ಬಂದಿದೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಮೊದಲಿನಿಂದಲೂ ಇದ್ದದ್ದೇ. ಈಗ ಅದರ ಪಕ್ಕದಲ್ಲಿ ತೂಕ ಇಳಿಸುವ ಚುಚ್ಚುಮದ್ದೂ ಬಂದು ಕುಳಿತಿದೆ. ಟಿರ್ಜೆಪಟೈಡ್ ಎಂಬ ಮದ್ದು ಮೌಂಜಾರೋ ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತದ ಪೇಟೆಗೆ ಬಂತು; ಮೊದಲು ಸಣ್ಣ ಬಾಟಲಿಯಲ್ಲಿ, ಅದೇ ವರ್ಷ ಮುಂದೆ ಪೆನ್ನಿನ ರೂಪದಲ್ಲಿ. ಸೆಮಾಗ್ಲುಟೈಡ್ ಎಂಬ ಇನ್ನೊಂದು ಮದ್ದು 2025ರ ಜೂನ್‌ನಲ್ಲಿ ವೆಗೊವಿ ಎಂಬ ಹೆಸರಿನಲ್ಲಿಯೂ, ಡಿಸೆಂಬರ್‌ನಲ್ಲಿ ಓಝೆಂಪಿಕ್ ಎಂಬ ಹೆಸರಿನಲ್ಲಿಯೂ ಬಂತು. ಎರಡೂ ವಾರಕ್ಕೊಮ್ಮೆ ಚರ್ಮದಡಿಗೆ ಚುಚ್ಚಿಕೊಳ್ಳುವಂಥವು, ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡತಕ್ಕವು. ಅವು ಯಾರಿಗೆ ಸಲ್ಲುವವು, ಯಾರಿಗೆ ಸಲ್ಲವು ಎಂಬುದು ವೈದ್ಯರು ನಿರ್ಣಯಿಸಬೇಕಾದ ವಿಷಯ. ನಾವು ಅದಕ್ಕೆ ಕೈಹಾಕುವುದಿಲ್ಲ. ಬೆಲೆತೆತ್ತು ತಂದ ಮದ್ದು ಮನೆಯೊಳಗೆ ಹೇಗಿರಬೇಕು, ಎಲ್ಲಿಯವರೆಗೆ ಇರಬೇಕು ಎಂಬಷ್ಟೇ ನಮ್ಮ ವಿಚಾರ.

ಈ ಮದ್ದುಗಳ ಸ್ವಭಾವವನ್ನು ಮೊದಲು ಅರಿಯಬೇಕು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರದಂತೆ ಇವುಗಳ ರಚನೆ. ಸೆಮಾಗ್ಲುಟೈಡ್‌ನಲ್ಲಿ 31 ಮಣಿಗಳು, ಟಿರ್ಜೆಪಟೈಡ್‌ನಲ್ಲಿ 39. ಬಿಸಿ ಹೆಚ್ಚಾದರೆ ಸರ ಕಡಿಯುತ್ತದೆ ಇಲ್ಲವೆ ರೂಪುಗೆಡುತ್ತದೆ. ಹೆಪ್ಪುಗಟ್ಟಿದರೆ ಸರಗಳು ಒಂದಕ್ಕೊಂದು ಅಂಟಿ ಗಂಟಾಗಬಹುದು. ಪೆನ್ನಿನೊಳಗಿನ ಗಾಜಿನ ಕೊಳವೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುವ ಸಂಭವವೂ ಉಂಟು. ಮದ್ದು ಕದಡಿದ್ದರೆ, ಬಣ್ಣ ಬದಲಾಗಿದ್ದರೆ, ಕಣಗಳು ತೇಲುತ್ತಿದ್ದರೆ ಅದನ್ನು ಬಳಸಕೂಡದು, ನಿಜ. ಆದರೆ ತಿಳಿಯಾಗಿದೆ ಎಂದ ಮಾತ್ರಕ್ಕೆ ಒಳ್ಳೆಯದಿದೆ ಎಂದು ತಿಳಿಯುವಂತಿಲ್ಲ. ಹಾಲು ಕೆಟ್ಟರೆ ಒಡೆಯುತ್ತದೆ, ಸಾರು ಹಳಸಿದರೆ ವಾಸನೆ ಬರುತ್ತದೆ. ಈ ಮದ್ದು ಮಾತ್ರ ಶಕ್ತಿಗುಂದಿಯೂ ನೀರಿನಂತೆ ತಿಳಿಯಾಗಿಯೇ ಕಾಣಬಹುದು. ಆದಕಾರಣ ಇಲ್ಲಿ ಕಣ್ಣು ಮೂಗುಗಳಿಗಿಂತ ದಿನಗಳ ಲೆಕ್ಕವೇ ನಂಬತಕ್ಕದ್ದು.

ಆ ಲೆಕ್ಕದಲ್ಲಿಯೇ ಬಹಳ ಮನೆಗಳು ತಪ್ಪುವುದು. ಪೆಟ್ಟಿಗೆಯ ಮೇಲೆ ಅಚ್ಚಾದ ಅವಧಿಯನ್ನು ಎಲ್ಲರೂ ನೋಡುತ್ತಾರೆ. ತಿಂಗಳು ಮತ್ತು ವರ್ಷವನ್ನಷ್ಟೇ ಕೊಟ್ಟಿದ್ದರೆ, ನಮ್ಮ ದೇಶದ ಔಷಧ ನಿಯಮಗಳ ಪ್ರಕಾರ, ಆ ತಿಂಗಳ ಕೊನೆಯ ದಿನದವರೆಗೆ ಎಂದು ಅರ್ಥ. ಆದರೆ ಆ ಮಾತು ಸಲ್ಲುವುದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ತೆರೆಯದೆ ಇಟ್ಟ ಮದ್ದಿಗೆ ಮಾತ್ರ. ಮದ್ದು ಫ್ರಿಜ್ಜಿನಿಂದ ಹೊರಬಂದ ದಿನ, ಅಥವಾ ಪೆನ್ನಿನಿಂದ ಮೊದಲ ಚುಚ್ಚು ತೆಗೆದುಕೊಂಡ ದಿನ, ಎರಡನೆಯ ಅವಧಿಯೊಂದು ಆರಂಭವಾಗುತ್ತದೆ. ಅದು ಎಂದು ಮುಗಿಯುವುದೆಂದು ಯಾವ ಕಾರಖಾನೆಯೂ ಅಚ್ಚು ಹಾಕಲಾರದು, ಮನೆಯವರೇ ಬರೆದುಕೊಳ್ಳಬೇಕು. ಎರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅದೇ ಆ ಮದ್ದಿನ ನಿಜವಾದ ಅವಧಿ.

ಮೌಂಜಾರೋದ ತೆರೆಯದ ಮದ್ದು 30 ಡಿಗ್ರಿ ಮೀರದ ಜಾಗದಲ್ಲಿ, ಫ್ರಿಜ್ಜಿನ ಹೊರಗೆ, ಒಟ್ಟು 21 ದಿನ ತಾಳಬಲ್ಲದು. ಒಟ್ಟು ಎಂಬ ಮಾತನ್ನು ಗಮನಿಸಬೇಕು. ಈ ವಾರ ಮೂರು ದಿನ, ಮುಂದಿನ ತಿಂಗಳು ನಾಲ್ಕು ದಿನ ಹೊರಗಿದ್ದರೆ ಏಳು ದಿನ ಕಳೆದಂತೆಯೇ. ಮತ್ತೆ ಫ್ರಿಜ್ಜಿಗೆ ಇಟ್ಟ ಮಾತ್ರಕ್ಕೆ ಹೋದ ದಿನಗಳು ಮರಳಿ ಬಾರವು. ಅದರ ನಾಲ್ಕು ಡೋಸಿನ ಪೆನ್ನನ್ನು ಒಮ್ಮೆ ಬಳಸತೊಡಗಿದ ಮೇಲೆ 30 ದಿನ. ವಾರಕ್ಕೊಂದರಂತೆ ನಾಲ್ಕು ಚುಚ್ಚು ಮುಗಿದಾಗ ಕೊಳವೆಯಲ್ಲಿ ಒಂದಿಷ್ಟು ಮದ್ದು ಉಳಿದೇ ಉಳಿಯುತ್ತದೆ. ಚೆಲ್ಲಲು ಮನಸ್ಸು ಬಾರದು, ಮಿತವ್ಯಯ ನಮ್ಮ ಮನೆತನಗಳ ಗುಣ. ಆದರೂ ಅದನ್ನು ಹೊರತೆಗೆದು ಐದನೆಯ ವಾರಕ್ಕೆ ಬಳಸುವ ಜಾಣತನ ಸಲ್ಲದು. ಬಾಟಲಿಯ ಮದ್ದಂತೂ ಒಂದೇ ಸಲಕ್ಕೆ; ಉಳಿದ ಹನಿಗಳು ತ್ಯಾಜ್ಯವೇ ಸರಿ.

ಸೆಮಾಗ್ಲುಟೈಡ್‌ನ ಲೆಕ್ಕ ಬೇರೆ. ಪರದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ತಂದುಕೊಡುವ ಪೆನ್ನುಗಳಿಂದ ಗೊಂದಲ ಇನ್ನೂ ಹೆಚ್ಚು. ಬಳಸತೊಡಗಿದ ಓಝೆಂಪಿಕ್ ಪೆನ್ನಿಗೆ ಅಮೆರಿಕದ ಸೂಚನಾಪತ್ರವು 56 ದಿನಗಳನ್ನು ಹೇಳುತ್ತದೆ, ಯುರೋಪಿನದು 6 ವಾರಗಳನ್ನು. ವೆಗೊವಿಯ ನಾಲ್ಕು ಡೋಸಿನ ಪೆನ್ನಿಗೆ ಯುರೋಪಿನಲ್ಲಿ 6 ವಾರ. ಅಮೆರಿಕದಲ್ಲಿ ಮಾರುವ ಒಂದೇ ಡೋಸಿನ ವೆಗೊವಿ ಪೆನ್ನು ಫ್ರಿಜ್ಜಿನ ಹೊರಗೆ ಇರಬಲ್ಲದ್ದು 28 ದಿನ. ಮದ್ದು ಒಂದೇ ಆದರೂ ಪೆನ್ನಿನ ರಚನೆ ಬೇರೆ, ಒಪ್ಪಿಗೆ ಕೊಟ್ಟ ದೇಶ ಬೇರೆ. ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ 2026ರ ಮಾರ್ಚ್ ವರೆಗಿನದು; ಅಲ್ಲಿಂದ ಮುಂದೆ ಹಲವು ಕಂಪನಿಗಳ ಹೆಸರಿನಲ್ಲಿ, ಹಲವು ಆಕಾರದಲ್ಲಿ ಈ ಮದ್ದು ದೊರೆಯುವುದು ಸಹಜ. ಹೀಗಿರುವಾಗ ನೆರೆಮನೆಯವರ ಮಾತು ಇರಲಿ, ಈ ಲೇಖನದ ಅಂಕಿಗಳೂ ನಿಮ್ಮ ಕೈಯಲ್ಲಿರುವ ಪೆಟ್ಟಿಗೆಯೊಳಗಿನ ಸೂಚನಾಪತ್ರಕ್ಕೆ ಬದಲಾಗಲಾರವು. ಆ ಕಾಗದವನ್ನು ಚೆಲ್ಲದೆ ಪೆಟ್ಟಿಗೆಯಲ್ಲಿಯೇ ಇಡುವುದು ಮೇಲು. ಅಂದಹಾಗೆ, 2022ರಿಂದ ಇಲ್ಲಿ ದೊರೆಯುತ್ತಿರುವ ಸೆಮಾಗ್ಲುಟೈಡ್ ಗುಳಿಗೆಗೆ ಫ್ರಿಜ್ಜಿನ ಅಗತ್ಯವೇ ಇಲ್ಲ. ತೇವ ತಗುಲದಂತೆ ಅದರ ಪಟ್ಟಿಯಲ್ಲಿಯೇ ಇದ್ದರಾಯಿತು.

ಇನ್ನು ಫ್ರಿಜ್ಜಿನ ಮಾತು. ಬೇಸಿಗೆ ಬಂದೊಡನೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಡುವುದು ಬಹುತೇಕ ಮನೆಗಳ ರೂಢಿ. ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಆಗ ಮಂಜಿನ ಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿಟ್ಟ ಸೊಪ್ಪು ಕೂಡ ಹೆಪ್ಪುಗಟ್ಟುವುದನ್ನು ತಾಯಂದಿರು ಕಂಡಿರುತ್ತಾರೆ. ಆ ತಟ್ಟೆಯೂ ಹಿಂಬದಿಯ ಗೋಡೆಯೂ ಮದ್ದಿಗೆ ತಕ್ಕ ಸ್ಥಳಗಳಲ್ಲ. ಬಾಗಿಲಿನ ಗೂಡಂತೂ ಬೇಡವೇ ಬೇಡ. ಹಬ್ಬದ ದಿನ ನೆಂಟರಿಷ್ಟರು ತುಂಬಿದ ಮನೆಯಲ್ಲಿ ಅದು ಎಷ್ಟು ಸಲ ತೆರೆದು ಮುಚ್ಚುವುದೋ ಲೆಕ್ಕವಿಲ್ಲ. ನಡುವಿನ ತಟ್ಟೆಯಲ್ಲಿ, ಮುಚ್ಚಳವಿರುವ ಡಬ್ಬಿಯೊಂದರಲ್ಲಿ, ಮೂಲ ಪೆಟ್ಟಿಗೆಯ ಸಮೇತ ಇಡುವುದು ಉತ್ತಮ; ಪೆಟ್ಟಿಗೆಯು ಬೆಳಕಿನಿಂದಲೂ ಕಾಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಯ ಫ್ರಿಜ್ಜಿನ ತಾಪವನ್ನು ದಿನಕ್ಕೆರಡು ಬಾರಿ ನೋಡಿ ಬರೆದಿಡುತ್ತಾರೆ. ಮನೆಯಲ್ಲಿ ಅಷ್ಟು ಆಗದಿದ್ದರೂ ಫ್ರಿಜ್ಜಿನೊಳಗೆ ಇಡುವ ಸಣ್ಣ ತಾಪಮಾಪಕವೊಂದನ್ನು ಕೊಳ್ಳಬಹುದು. ಕಾಯಬೇಕಾದ ಮದ್ದಿನ ಬೆಲೆಗೆ ಹೋಲಿಸಿದರೆ ಅದರ ಬೆಲೆ ಅತ್ಯಲ್ಪ. ಒಮ್ಮೆ ಹೆಪ್ಪುಗಟ್ಟಿದ ಮದ್ದು ಕರಗಿದ ಮೇಲೂ ಬಳಕೆಗೆ ಬಾರದು. ಇದಕ್ಕೆ ವಿನಾಯಿತಿಯಿಲ್ಲ.

ಖಾನಾಪುರ ತಾಲೂಕಿನ ಓದುಗರ ಚಿಂತೆಯೇ ಬೇರೆ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರು. ಜಾಂಬೋಟಿ, ಕಣಕುಂಬಿಗಳು ದಟ್ಟ ಕಾಡಿನ ನಡುವೆ. ಆಷಾಢ ಶ್ರಾವಣಗಳ ಮಳೆಗಾಳಿಗೆ ಮರ ಬಿದ್ದು ತಂತಿ ಹರಿದರೆ ವಿದ್ಯುತ್ತು ಯಾವಾಗ ಮರಳುವುದೋ ಹೇಳಲಾಗದು. ಅಂಥ ಹೊತ್ತಿನಲ್ಲಿ ಗಾಬರಿಗೊಂಡು ಮದ್ದನ್ನು ಮಂಜಿನ ಪೆಟ್ಟಿಗೆಗೆ ತುರುಕುವುದು, ಬರ್ಫದ ಮೇಲೆ ನೇರವಾಗಿ ಇಡುವುದು ಕತ್ತಲೆಗಿಂತ ಹೆಚ್ಚಿನ ಹಾನಿ ಮಾಡೀತು. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ತಾಸಿನಷ್ಟು ತಂಪು ಹಿಡಿದಿರುತ್ತದೆ. ಅದರಾಚೆಗೂ ಭಯವಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗಿನ ಹವೆಯೇ 30 ಡಿಗ್ರಿಗಿಂತ ಕೆಳಗಿರುತ್ತದೆ. ಹೊರಗಿರಬಲ್ಲ ದಿನಗಳಲ್ಲಿ ಒಂದನ್ನೋ ಎರಡನ್ನೋ ಕಳೆದು, ಪೆಟ್ಟಿಗೆಯ ಮೇಲೆ ಬರೆದುಕೊಂಡರೆ ಸಾಕು.

ಕಷ್ಟ ಬರುವುದು ಚೈತ್ರ ವೈಶಾಖಗಳಲ್ಲಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿರುವ ಬೆಳಗಾವಿಯಲ್ಲಿಯೂ ಏಪ್ರಿಲ್‌ನ ಮಧ್ಯಾಹ್ನಗಳು 35 ಡಿಗ್ರಿಯ ಸುಮಾರಿಗೆ ಏರುತ್ತವೆ. ಇಲ್ಲಿ ಹಿರಿಯರ ಮಣ್ಣಿನ ಹರವಿ ನೆನಪಾಗುತ್ತದೆ. ಕುಂಬಾರರ ಕಾಯಕಕ್ಕೆ ಖಾನಾಪುರದ ಮಣ್ಣು ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿಯೇ ನೆಲೆಗೊಂಡಿತು. ಫ್ರಿಜ್ಜಿಲ್ಲದ ಮನೆಗಳಲ್ಲಿ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆಯನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಇನ್ಸುಲಿನ್ ಕಾಯುವ ಉಪಾಯ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಗಡಿಗೆಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಒಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಆದ್ದರಿಂದ ಏಪ್ರಿಲ್‌ನಲ್ಲಿ ನೆರವಾಗುವ ಗಡಿಗೆ ಶ್ರಾವಣದ ತೇವದಲ್ಲಿ ಕೈಕೊಡುತ್ತದೆ. ಆದರೆ ಆಗ ಅದರ ಅಗತ್ಯವೂ ಇರದು. ಕೀನ್ಯಾ ದೇಶದ ದಗಹಲೆ ಎಂಬ ನಿರಾಶ್ರಿತರ ಶಿಬಿರದ ಬಿಸಿಲಿನ ಲೆಕ್ಕ ಹಿಡಿದು ಜಿನೀವಾ ವಿಶ್ವವಿದ್ಯಾಲಯದವರೂ ಗಡಿಯಿಲ್ಲದ ವೈದ್ಯರ ಸಂಘಟನೆಯವರೂ ನಡೆಸಿದ ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ತಾಪದಲ್ಲಿಯೂ ಇನ್ಸುಲಿನ್ ನಾಲ್ಕು ವಾರ ಶಕ್ತಿ ಉಳಿಸಿಕೊಂಡಿತೆಂದು ಅದು ತಿಳಿಸಿತು. ಬಡವರಿಗೆ ಧೈರ್ಯ ಕೊಡುವ ಸಂಗತಿ ಇದು. ಆದರೆ ಆ ಪರೀಕ್ಷೆ ಇನ್ಸುಲಿನ್ನಿಗೆ ಸಂಬಂಧಿಸಿದುದು. ಅದನ್ನು ತೂಕದ ಮದ್ದುಗಳಿಗೆ ಹಾಗೆಯೇ ಅನ್ವಯಿಸಕೂಡದು. ಅವುಗಳಿಗೆ 30 ಡಿಗ್ರಿಯ ಗೆರೆಯೇ ಗೆರೆ. ನಡುಮಧ್ಯಾಹ್ನ ಗಡಿಗೆಯೊಳಗೆ ತಾಪಮಾಪಕವಿಟ್ಟು ನೋಡಿದ ಮೇಲೆಯೇ ಅದನ್ನು ನಂಬಬೇಕು.

ಬೆಳಗಾವಿಯ ಅಂಗಡಿಯಿಂದ ಹಳ್ಳಿಗೆ ಮದ್ದನ್ನು ಒಯ್ಯುವಾಗಲೂ ಎಚ್ಚರ ಬೇಕು. ಪೇಟೆಯ ಕೆಲಸವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಮದ್ದು ಕೊಳ್ಳಬೇಕು. ಅಂಗಡಿಯವರು ಅದನ್ನು ಫ್ರಿಜ್ಜಿನಿಂದಲೇ ತೆಗೆದುಕೊಟ್ಟರೇ ಎಂದು ನೋಡಿಕೊಳ್ಳಬೇಕು. ತಂಪು ಚೀಲದಲ್ಲಿ ಮಂಜಿನ ಪೊಟ್ಟಣಕ್ಕೂ ಪೆನ್ನಿಗೂ ನಡುವೆ ಬಟ್ಟೆಯ ಮಡಿಕೆ ಇರಲಿ. ಬಿಸಿಲಿನಲ್ಲಿ ನಿಂತ ಕಾರು, ಮೋಟಾರ್ ಸೈಕಲ್ಲಿನ ಡಿಕ್ಕಿ ಇವೆರಡೂ ಒಲೆಯಂತೆ ಕಾಯುತ್ತವೆ. ಬಸ್ಸಿನ ಚಾಲಕರ ಕೈಯಲ್ಲಿ ಪೊಟ್ಟಣ ಕೊಟ್ಟು ಕಳಿಸುವುದು ನಮ್ಮ ಕಡೆಯ ಹಳೆಯ ಅನುಕೂಲ. ಆದರೆ ಆ ಪೊಟ್ಟಣ ಎಂಜಿನ್ನಿನ ಮುಚ್ಚಳದ ಮೇಲೆ ಕುಳಿತು ಬರುವುದುಂಟು. ಇಂಥ ಮದ್ದನ್ನು ಹಾಗೆ ಕಳಿಸಲಾಗದು.

ಸಂಕೋಚದಿಂದ ಕೆಡುವ ಮದ್ದೂ ಇದೆ. ತೂಕಕ್ಕೆ ಮದ್ದು ತೆಗೆದುಕೊಳ್ಳುವುದನ್ನು ಹೇಳಿಕೊಳ್ಳಲು, ಅದರಲ್ಲೂ ಸೊಸೆಯಂದಿರಿಗೂ ಮದುವೆಗೆ ಬಂದ ಹೆಣ್ಣುಮಕ್ಕಳಿಗೂ, ನಾಚಿಕೆ. ಹೀಗಾಗಿ ಪೆನ್ನು ಫ್ರಿಜ್ಜಿನ ಬದಲು ಕಪಾಟಿನ ಸೀರೆಗಳ ನಡುವೆಯೋ ಪ್ರವಾಸದ ಪೆಟ್ಟಿಗೆಯ ತಳದಲ್ಲಿಯೋ ಅಡಗುತ್ತದೆ. ಎಂದು ತೆರೆದದ್ದೆಂದು ಪೆಟ್ಟಿಗೆಯ ಮೇಲೆ ಬರೆಯುವಂತಿಲ್ಲ, ಯಾರಾದರೂ ಓದಿಯಾರು. ಅತ್ತೆಯವರ ಇನ್ಸುಲಿನ್ನಿಗೆ ಫ್ರಿಜ್ಜಿನಲ್ಲಿ ಗೌರವದ ಸ್ಥಾನವಿರುವ ಮನೆಯಲ್ಲಿ ಸೊಸೆಯ ಮದ್ದಿಗೂ ಅದೇ ಡಬ್ಬಿಯಲ್ಲಿ ಎಡೆ ದೊರೆಯಬೇಕೆಂದು ನಾವು ಹಿರಿಯರಲ್ಲಿ ಕೇಳಿಕೊಳ್ಳುತ್ತೇವೆ. ಡಬ್ಬಿ ಒಂದೇ ಆದರೂ ಹೆಸರು ಬೇರೆಬೇರೆ ಬರೆದಿರಲಿ. ಇನ್ಸುಲಿನ್ ಎಂದು ಇದನ್ನೋ, ಇದೆಂದು ಇನ್ಸುಲಿನ್ನನ್ನೋ ಚುಚ್ಚಿಕೊಂಡರೆ ಅನಾಹುತ. ಅಕ್ಕ ಬಿಟ್ಟ ಪೆನ್ನನ್ನು ತಂಗಿ ಮುಂದುವರಿಸುವುದಂತೂ ಕೂಡದು. ಸೂಜಿ ಬದಲಿಸಿದರೂ ರಕ್ತದ ಸೋಂಕು ಪೆನ್ನಿನ ಮೂಲಕ ದಾಟಬಲ್ಲದು.

ಮದ್ದು ಕೆಟ್ಟಿತೆಂಬ ಸಂಶಯದಿಂದ ಎರಡು ಮೂರು ವಾರ ಚುಚ್ಚು ತಪ್ಪಿತೆನ್ನಿ. ಹೊಸ ಪೆನ್ನು ತಂದು ಹಳೆಯ ದೊಡ್ಡ ಪ್ರಮಾಣದಿಂದಲೇ ಆರಂಭಿಸಿದರೆ ತೀವ್ರವಾದ ವಾಂತಿ, ಹೊಟ್ಟೆನೋವು ಕಾಡಬಹುದು. ಈ ಮದ್ದುಗಳನ್ನು ಸಣ್ಣ ಪ್ರಮಾಣದಿಂದ ಮೆಲ್ಲಗೆ ಏರಿಸುವುದು ಅದಕ್ಕಾಗಿಯೇ. ಮತ್ತೆ ಯಾವ ಪ್ರಮಾಣದಿಂದ ತೊಡಗಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಕೊನೆಗೆ ಸೂಜಿಯ ವಿಚಾರ. ಪ್ರತಿ ಚುಚ್ಚಿನ ನಂತರ ಸೂಜಿಯನ್ನು ತೆಗೆದು ಪೆನ್ನಿಗೆ ಮುಚ್ಚಳ ಹಾಕಿಡಬೇಕು. ಸೂಜಿಯ ಸಮೇತ ಇಟ್ಟರೆ ಮದ್ದು ಸೋರುತ್ತದೆ, ಗಾಳಿ ಸೇರುತ್ತದೆ. ತೆಗೆದ ಸೂಜಿಯನ್ನು ಕಸದ ಗಾಡಿಗೆ ಹಾಗೆಯೇ ಎಸೆದರೆ ಅದನ್ನು ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಸೂಜಿಯನ್ನೂ ಅವಧಿ ಮುಗಿದ ಮದ್ದನ್ನೂ ಮನೆಯ ಅಪಾಯಕರ ತ್ಯಾಜ್ಯವೆಂದೇ ಗುರುತಿಸಿದವು. ದಪ್ಪ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ ಬಾಟಲಿಯೊಂದರಲ್ಲಿ ಸೂಜಿಗಳನ್ನು ಕೂಡಿಡಿರಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಮೇಲೆ ಸೂಜಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಮುಂದಿನ ತಪಾಸಣೆಗೆ ಹೋಗುವಾಗ ಒಯ್ದು, ಅದನ್ನು ಎಲ್ಲಿ ಒಪ್ಪಿಸಬೇಕೆಂದು ಆಸ್ಪತ್ರೆಯ ದಾದಿಯರನ್ನೇ ಕೇಳಿರಿ.