ದಾರಿಯಲ್ಲಿರುವ ಸುದ್ದಿಯ ಲೆಕ್ಕ

ಎರಡು ಕನ್ನಡಿಗಳ ನಡುವೆ ನಾಲ್ಕೇ ನಾಲ್ಕು ಫೋಟಾನ್‌ಗಳನ್ನು ಉಳಿಸಿಕೊಳ್ಳಬೇಕು. ಒಂದು ಸೋರಿದರೆ ತುಂಬಬೇಕು, ಹೆಚ್ಚಾದರೆ ತಗ್ಗಿಸಬೇಕು. ಪ್ಯಾರಿಸ್‌ನಲ್ಲಿ ಭೌತವಿಜ್ಞಾನಿ ಸರ್ಜ್ ಅರೋಶ್ ಅವರ ತಂಡ 2011ರಲ್ಲಿ ಇದನ್ನು ಮಾಡಿ ತೋರಿಸಿತು.

ನಯೋಬಿಯಂ ಲೇಪಿಸಿದ ಆ ಕನ್ನಡಿಗಳನ್ನು ನಿರಪೇಕ್ಷ ಶೂನ್ಯಕ್ಕಿಂತ 0.8 ಡಿಗ್ರಿಯಷ್ಟೇ ಮೇಲಿಟ್ಟರೂ ಮೈಕ್ರೋವೇವ್ ಫೋಟಾನ್ ಒಳಗೆ ಬಾಳುವುದು ಸರಾಸರಿ 65 ಮಿಲಿಸೆಕೆಂಡು. ಹೀಗೆ ಸುತ್ತಲಿನ ಪರಿಸರಕ್ಕೆ ಸೋರುತ್ತಲೇ ಇರುವುದನ್ನು ಭೌತವಿಜ್ಞಾನಿಗಳು ತೆರೆದ ಕ್ವಾಂಟಂ ವ್ಯವಸ್ಥೆ ಎನ್ನುತ್ತಾರೆ.

ಫೋಟಾನನ್ನು ನುಂಗದೆ ಎಣಿಸುವುದು ಹೇಗೆ? ರುಬಿಡಿಯಂ ಪರಮಾಣುಗಳನ್ನು ಕನ್ನಡಿಗಳ ನಡುವೆ ಒಂದರ ಹಿಂದೊಂದು ಹಾಯಿಸುತ್ತಾರೆ. ಒಳಗೆ ಎಷ್ಟು ಫೋಟಾನ್ ಇವೆಯೋ ಅದಕ್ಕೆ ತಕ್ಕಂತೆ ಪರಮಾಣುವಿನ ಸ್ಥಿತಿ ತುಸು ತಿರುಗುತ್ತದೆ. ಮುಂದಿರುವ ಡಿಟೆಕ್ಟರ್ ಅದನ್ನು ಓದುತ್ತದೆ. ಒಂದೊಂದು ಪರಮಾಣು ಕೊಡುವುದು ಅರೆಬರೆ ಸುಳಿವು. ಕಂಪ್ಯೂಟರ್ ಅವನ್ನು ಕೂಡಿಸಿ, 82 ಮೈಕ್ರೋಸೆಕೆಂಡಿಗೊಮ್ಮೆ ಎಷ್ಟು ಮೈಕ್ರೋವೇವ್ ಬಿಡಬೇಕೆಂದು ತೀರ್ಮಾನಿಸುತ್ತದೆ.

ತೊಡಕಿರುವುದು ಆ ನಡುವಿನ ದಾರಿಯಲ್ಲಿ. ಪರಮಾಣು ಡಿಟೆಕ್ಟರ್ ಮುಟ್ಟುವ ಹೊತ್ತಿಗೆ ಅದರ ಹಿಂದೆ ಬರುತ್ತಿದ್ದ ಕೆಲವು ಆಗಲೇ ಕನ್ನಡಿಗಳನ್ನು ದಾಟಿ ಹೊರಬಂದಿರುತ್ತವೆ. ಕೈಗೆ ಬಂದದ್ದು ಹಳೆಯ ಸುದ್ದಿ.

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎಂಜಿನಿಯರಾಗಿ ದುಡಿದ ನನಗೆ ಇದು ಅರ್ಥವಾಗಲು ತಡವಾಗಲಿಲ್ಲ. ಕಾಲುವೆಯ ತಲೆಯಲ್ಲಿ ಗೇಟ್ ಎತ್ತಿ ಬಿಟ್ಟ ನೀರು ಟೇಲ್ ಎಂಡ್ ಮುಟ್ಟಲು ದಿನಗಳೇ ಬೇಕು. ಅಲ್ಲಿ ಗೇಜ್ ಇಳಿದಿದೆಯೆಂದು ಮತ್ತೆ ಮತ್ತೆ ಎತ್ತುತ್ತಾ ಹೋದರೆ ಕೊನೆಗೆ ಏರಿ ಒಡೆಯುತ್ತದೆ. ಈಗಾಗಲೇ ಬಿಟ್ಟು ದಾರಿಯಲ್ಲಿರುವ ನೀರನ್ನು ಲೆಕ್ಕ ಹಾಕಿಯೇ ಗೇಟಿಗೆ ಕೈಹಾಕಬೇಕು.

ಪ್ಯಾರಿಸ್ ತಂಡದ ಲೆಕ್ಕವೂ ಇನ್ನೂ ಓದದ, ದಾರಿಯಲ್ಲಿದ್ದ ಪರಮಾಣುಗಳನ್ನು ಒಳಗೊಂಡಿತ್ತು. ಅಲ್ಲಿನ ಕಷ್ಟ ನಮ್ಮದಕ್ಕಿಂತ ದೊಡ್ಡದು. ಗೇಜ್ ನೋಡಿದ್ದರಿಂದ ಕಾಲುವೆಯ ನೀರು ಬದಲಾಗುವುದಿಲ್ಲ. ಆದರೆ ಅಲ್ಲಿ ಹಾದುಹೋದ ಪ್ರತಿ ಪರಮಾಣುವೂ ಒಳಗಿನ ಮೈಕ್ರೋವೇವ್ ಕ್ಷೇತ್ರವನ್ನು ಕೊಂಚ ಕದಲಿಸಿರುತ್ತದೆ. ಆ ಕದಲಿಕೆಯೂ ಲೆಕ್ಕಕ್ಕೆ ಬರಬೇಕು.

ಈ ವಿಳಂಬ ಇಂದಿನ ಕ್ವಾಂಟಂ ಕಂಪ್ಯೂಟರ್‌ಗಳನ್ನೂ ಕಾಡುತ್ತಿದೆ. 2024ರಲ್ಲಿ ಗೂಗಲ್ ತಂಡ ವರದಿ ಮಾಡಿದ ದೋಷ ತಿದ್ದುವ ಪ್ರಯೋಗವೊಂದರಲ್ಲಿ ಒಂದು ಸುತ್ತು ಅಳತೆಗೆ 1.1 ಮೈಕ್ರೋಸೆಕೆಂಡು, ಏನು ತಪ್ಪಾಗಿದೆಯೆಂದು ಕಂಡುಕೊಳ್ಳಲು ಸರಾಸರಿ 63 ಮೈಕ್ರೋಸೆಕೆಂಡು. ಉತ್ತರ ಬರುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಸುತ್ತು ಮುಗಿದಿರುತ್ತದೆ.

ಚಿಪ್ ಎಷ್ಟೇ ಚುರುಕಾದರೂ ವಿಳಂಬ ಪೂರ್ತಿ ಅಳಿಯದು; ಸಂಕೇತಕ್ಕೆ ತಂತಿಯಲ್ಲಿ ಹರಿಯಲೂ ಹೊತ್ತು ಬೇಕು. ಅದಕ್ಕೇ ಅರೋಶ್ ಅವರ ಜೊತೆ ಪಿಯರ್ ರೂಶೋನ್ ಅವರಂಥ ನಿಯಂತ್ರಣ ಗಣಿತಜ್ಞರೂ ಕೈಜೋಡಿಸಿದ್ದರು. ಕ್ವಾಂಟಂ ಎಂಬುದು ಭೌತವಿಜ್ಞಾನಿಗಳಿಗಷ್ಟೇ ಮೀಸಲೆಂದು ದೂರ ನಿಂತಿರುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ನೀವು ಕಲಿಯುವ ಕಂಟ್ರೋಲ್ ಥಿಯರಿಗೆ ಅಲ್ಲಿ ಕೈತುಂಬ ಕೆಲಸವಿದೆ.