ಆರನೇ ಪಂದ್ಯದ ಲೆಕ್ಕಾಚಾರ

ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಮೊದಲೇ ಯಾರು ಗೆಲ್ತಾರೆ ಅಂತ ಅಂದಾಜು ಮಾಡೋದು ಹೇಗೆ? ನಾನು 1998ರ ಜೂನ್ 14ರ ಪಂದ್ಯವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಮೆರಿಕದ ಎನ್‌ಬಿಎ ಫೈನಲ್ ಅಂದರೆ ಒಂದೇ ಪಂದ್ಯವಲ್ಲ. ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಟ್ರೋಫಿ. ಆಗ ಚಿಕಾಗೊ ಬುಲ್ಸ್ 3, ಯೂಟಾ ಜಾಝ್ 2 ಗೆದ್ದಿದ್ದವು. ಹಾಗಾದರೆ ಬುಲ್ಸೇ ಮೇಲು ಅಂತೀರಾ? ತಡೀರಿ. ಆರನೆಯದೂ, ಬೇಕಾಗಿ ಬಂದರೆ ಏಳನೆಯದೂ ಜಾಝ್‌ನವರ ಊರು ಸಾಲ್ಟ್ ಲೇಕ್ ಸಿಟಿಯಲ್ಲೇ. ಕೂಗಾಟವೆಲ್ಲ ಅವರ ಕಡೆ! ಮೂರನೆಯದರಲ್ಲಿ 96-54ರಿಂದ ಹೀನಾಯವಾಗಿ ಸೋತಿದ್ದವರು ಐದನೆಯದನ್ನು ಚಿಕಾಗೊಕ್ಕೇ ಹೋಗಿ 83-81ರಿಂದ ಗೆದ್ದು ಬಂದಿದ್ದರು. ನಾನಾಗಿದ್ರೆ ಜಾಝ್ ಅಂತಲೇ ಬರೀತಿದ್ದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಬುಲ್ಸ್‌ನ ಪಿಪ್ಪೆನ್ ಬೆನ್ನುನೋವಿನಿಂದ ಒಳಗೆ ಹೋದರು. ಆದರೆ ಮೈಕೆಲ್ ಜೋರ್ಡನ್ ಒಬ್ಬರೇ 45 ಅಂಕ ಗಳಿಸಿದರು. ಇನ್ನು 5.2 ಸೆಕೆಂಡು ಇದೆ ಅನ್ನುವಾಗ ಚೆಂಡನ್ನು ಬುಟ್ಟಿಗೆ ಹಾಕಿದವರೂ ಅವರೇ. ಬುಲ್ಸ್ 87, ಜಾಝ್ 86.