ಕಡಲು ದಾಟದ ಕಥೆ, ಇಬ್ಬರದೇ ದನಿ

ಮುದುಕ, ಮುದುಕಿ, ಅವರ ನಾಯಿ, ಹೊಟ್ಟೆಕಿಚ್ಚಿನ ನೆರೆಮನೆಯವ, ಗುಡ್ಡದ ರಕ್ಕಸ, ವೇಷ ಮರೆಸಿಕೊಂಡ ನರಿ, ಹಿಮದ ರಾತ್ರಿ ಬಾಗಿಲು ತಟ್ಟುವ ಹೆಣ್ಣು. ಇಷ್ಟೂ ಪಾತ್ರಗಳಿಗೆ ಇಬ್ಬರೇ ಮಾತು ಕೊಡಬೇಕು, ನಡುನಡುವೆ ಕಥೆಯನ್ನೂ ಅವರೇ ಹೇಳಬೇಕು. ಅದೂ ಒಂದೆರಡು ವಾರವಲ್ಲ. 1975ರಲ್ಲಿ ಶುರುವಾಗಿ 1994ರವರೆಗೆ. ಜಪಾನಿನ ‘ಮಾಂಗಾ ನಿಹೊನ್ ಮುಕಾಶಿ ಬನಾಶಿ’ ಎಂಬ ಜನಪದ ಕಥೆಗಳ ಟಿ.ವಿ. ಕಾರ್ಟೂನು ಸರಣಿಯ ಹತ್ತಿರ ನನ್ನನ್ನು ಎಳೆದು ತಂದದ್ದು ಈ ಒಂದು ಸಂಗತಿ.

ಆ ಇಬ್ಬರೆಂದರೆ ಇಚಿಹಾರಾ ಎತ್ಸುಕೊ ಎಂಬ ನಟಿ, ತೊಕಿತಾ ಫುಜಿಯೊ ಎಂಬ ನಟ. ಇಬ್ಬರೂ 1936ರಲ್ಲಿ ಹುಟ್ಟಿದವರು. ಇಚಿಹಾರಾ ರಂಗಭೂಮಿಯಿಂದ ಬಂದವರು. ಹಿರೋಶಿಮಾದ ಬಾಂಬಿನ ನಂತರದ ಬದುಕನ್ನು ತೋರಿಸುವ, ಶೋಹೈ ಇಮಾಮುರಾ ಅವರ 1989ರ ‘ಬ್ಲ್ಯಾಕ್ ರೇನ್’ ಚಿತ್ರದಲ್ಲಿ ಅವರದು ಮುಖ್ಯ ಪಾತ್ರ. ಮನೆಗೆಲಸದವಳೊಬ್ಬಳು ದೊಡ್ಡ ಮನೆಗಳ ಗುಟ್ಟು ಕಂಡುಹಿಡಿಯುವ ಟಿ.ವಿ. ನಾಟಕಮಾಲೆಯಿಂದ ಅವರು ಮನೆಮಾತಾದರು. ತೊಕಿತಾ ಕೂಡ ನಟನೆಯಲ್ಲೇ ಪಳಗಿದವರು. ಕಾರ್ಟೂನು ಚಿತ್ರಗಳ ನಿರ್ದೇಶಕ ಮಿಯಾಜಾಕಿಯವರ 1986ರ ‘ಲಪುಟಾ’ ಚಿತ್ರದಲ್ಲಿ ಗಣಿಯೊಳಗೆ ಕಲ್ಲುಗಳ ಪಿಸುಮಾತು ಕೇಳಿಸಿಕೊಳ್ಳುವ ಮುದುಕನಿದ್ದಾನಲ್ಲ, ಅವನ ದನಿ ಇವರದೇ. ಆದರೆ ಜಪಾನಿನ ಒಂದು ಇಡೀ ತಲೆಮಾರಿಗೆ ಇವರಿಬ್ಬರೂ ಮೊದಲು ಕಥೆ ಹೇಳುವವರು, ಆಮೇಲೆ ಮಿಕ್ಕಿದ್ದೆಲ್ಲ.

ಅರ್ಧ ಗಂಟೆಯ ಕಾರ್ಯಕ್ರಮ. ಸಾಮಾನ್ಯವಾಗಿ ಎರಡು ಕಥೆ. ಶುರುವಿಗೆ ಒಂದು ಮಗು ಡ್ರ್ಯಾಗನ್ ಮೇಲೆ ಕೂತು ಮೋಡದ ನಡುವೆ ಹೋಗುತ್ತದೆ, ಜೋಗುಳದಂಥ ಹಾಡು ಬರುತ್ತದೆ. ಬಳಿಕ ಇಬ್ಬರಲ್ಲಿ ಒಬ್ಬರು ಕಥೆ ಎತ್ತಿಕೊಳ್ಳುತ್ತಾರೆ. ತೊಕಿತಾ ಅವರದು ತುಸು ಒರಟು, ಎಳೆದು ಎಳೆದು ಆಡುವ ಹಳ್ಳಿಗನ ದನಿ. ಇಚಿಹಾರಾ ಅವರದು ಎಳೆಗೂಸಿನಿಂದ ಹಣ್ಣುಮುದುಕಿಯವರೆಗೆ ಎಲ್ಲಿಗೆ ಬೇಕಾದರೂ ಇಳಿಯುವ, ಏರುವ ದನಿ. ದನಿ ಬದಲಾದರೂ ಆಡುವವರು ಅವರೇ ಎಂದು ಕೇಳುವವರಿಗೆ ಗೊತ್ತಾಗುತ್ತಲೇ ಇರುತ್ತದೆ, ಗೊತ್ತಾಗಲೆಂದೇ ಹಾಗೆ ಮಾಡಿದಂತೆ. ನಮ್ಮ ಬೀದರ ಕಡೆ ಜೋಳದ ರಾಶಿ ಕಾಯುವ ರಾತ್ರಿ ಕಣದಲ್ಲಿ ಮಲಗಿದ ಹುಡುಗರಿಗೆ ‘ಒಂದ್ ಊರಾಗ ಒಬ್ಬ ಮುದುಕಿ ಇದ್ಳಂತ’ ಎಂದು ಶುರು ಮಾಡುವ ಆಯಿ (ಅಜ್ಜಿ), ರಾಜನಾಗಿಯೂ ರಾಕ್ಷಸನಾಗಿಯೂ ತಾನೇ ಮಾತಾಡುತ್ತಾಳಲ್ಲ, ಹಾಗೆ.

ಒಂದು ಕಥೆ ಕೇಳಿ. ವರ್ಷದ ಕೊನೆಯ ದಿನ ಬಡ ಮುದುಕನೊಬ್ಬ ಹುಲ್ಲಿನ ಟೊಪ್ಪಿಗೆಗಳನ್ನು ಹೊತ್ತು ಪೇಟೆಗೆ ಹೋಗುತ್ತಾನೆ. ಒಂದೂ ಮಾರಾಟವಾಗುವುದಿಲ್ಲ. ಹಿಂದಿರುಗುವ ದಾರಿಯಲ್ಲಿ ಜಿಜೊ ಎಂಬ ದೇವರ ಕಲ್ಲಿನ ಮೂರ್ತಿಗಳು ಸಾಲಾಗಿ ಹಿಮದಲ್ಲಿ ನಿಂತಿರುತ್ತವೆ. ‘ಪಾಪ, ಚಳಿ’ ಎಂದು ಮುದುಕ ತನ್ನ ಟೊಪ್ಪಿಗೆಗಳನ್ನು ಅವುಗಳ ತಲೆಗೆ ಕಟ್ಟುತ್ತಾನೆ. ಒಂದು ಮೂರ್ತಿಗೆ ಸಾಲದೆ ಬಂದಾಗ ತನ್ನ ತಲೆಯ ಬಟ್ಟೆಯನ್ನೇ ಬಿಚ್ಚಿ ಸುತ್ತುತ್ತಾನೆ. ಬರಿಗೈಲಿ ಬಂದ ಗಂಡನನ್ನು ಮುದುಕಿ ಬೈಯುವುದಿಲ್ಲ, ಒಳ್ಳೆಯದು ಮಾಡಿದಿರಿ ಅನ್ನುತ್ತಾಳೆ. ಆ ರಾತ್ರಿ ಹೊರಗೆ ಭಾರವಾದ ಹೆಜ್ಜೆ ಸಪ್ಪಳ. ಬಾಗಿಲು ತೆಗೆದರೆ ಹಬ್ಬಕ್ಕೆ ಬೇಕಾದ ಅಕ್ಕಿ, ತರಕಾರಿ, ಮೀನು. ದೂರದಲ್ಲಿ ಟೊಪ್ಪಿಗೆ ತೊಟ್ಟ ಕಲ್ಲುದೇವರುಗಳು ನಡೆದು ಹೋಗುತ್ತಿರುತ್ತವೆ. ಇಷ್ಟೇ ಕಥೆ. ಕತ್ತಿಯಿಲ್ಲ, ಯುದ್ಧವಿಲ್ಲ, ಮುಂದಿನ ವಾರ ಏನಾಗುತ್ತದೋ ಎಂಬ ಕುತೂಹಲವೂ ಇಲ್ಲ. ಇಂಥ ಸಾವಿರದ ನಾನೂರಕ್ಕೂ ಹೆಚ್ಚು ಕಥೆಗಳನ್ನು ಆ ಇಬ್ಬರು ಹೇಳಿದರು.

ಚಿತ್ರ ಮಾಡುವ ಕೆಲಸ ‘ಗ್ರೂಪ್ ಟ್ಯಾಕ್’ ಎಂಬ ಸಂಸ್ಥೆಯದು. ‘ಆಸ್ಟ್ರೊ ಬಾಯ್’ ಖ್ಯಾತಿಯ ಒಸಾಮು ತೆಜುಕಾ ಅವರ ಸ್ಟುಡಿಯೊದಿಂದ ಹೊರಬಂದವರು ಸೇರಿ 1968ರಲ್ಲಿ ಕಟ್ಟಿದ್ದು. ಅದರ ಮುಂದಾಳು ಅತ್ಸುಮಿ ತಾಶಿರೊ ಮೂಲತಃ ಧ್ವನಿ ನಿರ್ದೇಶಕರು. ದನಿಗೆ ಇಷ್ಟು ಬೆಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕಥೆ ಕಥೆಗೂ ಬೇರೆ ಬೇರೆ ಚಿತ್ರಗಾರರು. ಒಂದು ಮಸಿಯ ಗೆರೆಯಲ್ಲಿ, ಇನ್ನೊಂದು ಮಕ್ಕಳು ಬಣ್ಣದ ಕಡ್ಡಿಯಲ್ಲಿ ಬರೆದ ಹಾಗೆ. ಮುಖ ಬದಲಾಗುತ್ತದೆ, ಮರದ ಆಕಾರ ಬದಲಾಗುತ್ತದೆ, ದನಿ ಮಾತ್ರ ಅದೇ.

ಹೊರದೇಶಕ್ಕೆ ಇದನ್ನು ಯಾರು ಕೊಂಡಾರು? ವಾರವಾರವೂ ಬರುವ ನಾಯಕನಿಲ್ಲ, ಆದ್ದರಿಂದ ಆಟಿಕೆ ಮಾರುವಂತಿಲ್ಲ. ಮಾತಿನ ತುಂಬ ಹಳ್ಳಿಯ ಸೊಗಡು. ದಾರಿಬದಿಯ ಕಲ್ಲುದೇವರು ಯಾರೆಂದು ಮೊದಲು ವಿವರಿಸಬೇಕು. ಬೇರೆ ಭಾಷೆಗೆ ತರಬೇಕೆಂದರೆ ಅಲ್ಲಿಯೂ ಇಚಿಹಾರಾ, ತೊಕಿತಾ ಸಿಗಬೇಕು. ಹೀಗಾಗಿ ಸುಮಾರು ಎರಡು ದಶಕ ಒಂದು ದೇಶದ ಶನಿವಾರದ ಸಂಜೆಯನ್ನು ಆಳಿದ ಸರಣಿ ಹೊರಗಿನ ಹೆಚ್ಚಿನವರಿಗೆ ಹೆಸರಿಗೂ ಗೊತ್ತಿಲ್ಲ.

ಉಳಿದವು, ಅಳಿದವು

ಜಪಾನಿನಲ್ಲಿ ಚಲಿಸುವ ಚಿತ್ರಗಳ ಚರಿತ್ರೆಯೇ ಕಳೆದುಹೋದವುಗಳ ಪಟ್ಟಿ. ಅಲ್ಲಿ ಮೊದಲ ಕಾರ್ಟೂನುಗಳು ಚಿತ್ರಮಂದಿರಕ್ಕೆ ಬಂದದ್ದು 1917ರಲ್ಲಿ; 1923ರ ಮಹಾಭೂಕಂಪದಲ್ಲಿ ಆ ಕಾಲದ ಬಹುಪಾಲು ಚಿತ್ರಗಳು ಹೋದವು. ಮೊಂಡು ಕತ್ತಿ ಕೊಂಡು ಮೋಸಹೋದ ಸಮುರಾಯಿಯ ಕಥೆ ‘ನಮಾಕುರಾ ಗತಾನಾ’ ಒಸಾಕಾದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿ, ತೊಂಬತ್ತು ವರ್ಷದ ಮೇಲೆ ಮತ್ತೆ ಬೆಳಕು ಕಂಡಿತು. ಟಿ.ವಿ. ಕಾಲಕ್ಕೆ ಬಂದರೆ, 1963ರ ಜನವರಿ 1ರಂದು ಶುರುವಾದ ತೆಜುಕಾ ಅವರ ‘ಆಸ್ಟ್ರೊ ಬಾಯ್’ ಅದೇ ವರ್ಷ ಅಮೆರಿಕಕ್ಕೆ ಹೋಯಿತು, ಜಗತ್ತೆಲ್ಲ ಬಲ್ಲದು. ಅದಕ್ಕೂ ಸುಮಾರು ಎರಡು ವರ್ಷ ಮೊದಲೇ ರ್‍ಯುಇಚಿ ಯೊಕೊಯಾಮಾ ಎಂಬ ವ್ಯಂಗ್ಯಚಿತ್ರಕಾರರು ‘ಹಿಂದೆ ಇದೇ ದಿನ ಏನಾಯಿತು’ ಎಂದು ತಿಳಿಸುವ ಮೂರು ಮೂರು ನಿಮಿಷದ ಕಾರ್ಟೂನು ಮಾಲೆಯನ್ನು ಟಿ.ವಿ.ಗೆ ಮಾಡಿದ್ದರು. ಅದನ್ನು ಕೇಳಿದವರಿಲ್ಲ.

ನಮ್ಮ ಮಕ್ಕಳೆಲ್ಲ ಬಲ್ಲ ಡೊರೆಮಾನ್‌ಗೂ ಹೀಗೊಂದು ಕಳೆದುಹೋದ ಅಣ್ಣನಿದ್ದಾನೆ. ಈಗ ಕಾಣುವ ಡೊರೆಮಾನ್‌ನ ಬೇರು 1979ರ ಸರಣಿ. ಅದಕ್ಕೂ ಮೊದಲು, 1973ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಬೇರೆ ಸ್ಟುಡಿಯೊ ಮಾಡಿದ ಡೊರೆಮಾನ್ ಒಂದು ಬಂದಿತ್ತು. ಶುರುವಿನಲ್ಲಿ ಅದಕ್ಕೆ ಗಂಡಸಿನ ದನಿ. ಸ್ಟುಡಿಯೊ ಮುಚ್ಚಿತು, ಸರಣಿ ನಿಂತಿತು, ಫಿಲಂ ಸುರುಳಿಗಳು ದಿಕ್ಕಾಪಾಲಾದವು. ಅದರಲ್ಲಿ ದುಡಿದವರೊಬ್ಬರು ಕೈಲಿ ಉಳಿಸಿಕೊಂಡ ತುಣುಕುಗಳಿಂದಲೇ ಇವತ್ತು ಅದರ ಗುರುತು.

ಅಳಿಯದೆಯೂ ಗಡಿ ದಾಟದ್ದು ‘ಸಜಾಎ-ಸಾನ್’. ಮಾಚಿಕೊ ಹಾಸೆಗಾವಾ 1946ರಲ್ಲಿ ಪತ್ರಿಕೆಗೆ ಬರೆಯಲು ತೊಡಗಿದ ನಾಲ್ಕು ಚೌಕದ ಚಿತ್ರಕಥೆ ಅದರ ಮೂಲ. 1969ರ ಅಕ್ಟೋಬರ್ 5ರಿಂದ ಭಾನುವಾರ ಸಂಜೆ ಟಿ.ವಿ.ಯಲ್ಲಿ ಬರುತ್ತಿದೆ. ಜಗತ್ತಿನಲ್ಲೇ ಅತಿ ದೀರ್ಘಕಾಲ ನಡೆದ ಟಿ.ವಿ. ಕಾರ್ಟೂನ್ ಎಂದು ಗಿನ್ನೆಸ್ ದಾಖಲೆ. ಮೂರು ತಲೆಮಾರಿನ ಒಂದು ಮನೆ, ಅತ್ತೆ ಮಾವ ಮಕ್ಕಳು ಬೆಕ್ಕು, ಸಣ್ಣ ಜಗಳ, ಸಣ್ಣ ನಗು. ಯಾರಿಗೂ ವಯಸ್ಸಾಗುವುದಿಲ್ಲ. ಜಪಾನಿನ ಹೊರಗೆ ಈ ಮನೆಯ ಪರಿಚಯ ಇಲ್ಲವೆನ್ನುವಷ್ಟು ಕಡಿಮೆ.

ಮೋರಖಂಡಿಗೆ ಬಂದ ಮೋಗ್ಲಿ

ನಮ್ಮ ಕಡೆಗೆ ಬಂದ ಅನಿಮೆ, ಅಂದರೆ ಜಪಾನಿ ಕಾರ್ಟೂನು, ಬೇರೆ. 1989ರಲ್ಲಿ ಜಪಾನಿನಲ್ಲಿ ಶುರುವಾದ ನಿಪ್ಪಾನ್ ಅನಿಮೇಶನ್ ಸಂಸ್ಥೆಯ 52 ಕಂತುಗಳ ‘ಜಂಗಲ್ ಬುಕ್’ 1993ರಲ್ಲಿ ಹಿಂದಿಯಲ್ಲಿ ದೂರದರ್ಶನಕ್ಕೆ ಬಂತು. ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟರು, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. ಭಾನುವಾರ ಬೆಳಿಗ್ಗೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಟಿ.ವಿ. ಇದ್ದ ಮನೆಯ ಅಂಗಳ ತುಂಬುತ್ತಿತ್ತು. ಮೋರಖಂಡಿಯಲ್ಲಿ ಹಿಂದೆ ಕೂತ ಆಯಿ ಕೇಳುವಳು, “ತಮ್ಮಾ, ಆ ಹುಲಿ ಏನ್ ಅನ್ಲಕತ್ತದ?” ಮುಂದೆ ಕೂತ ಮೊಮ್ಮಗ ತಿರುಗದೆಯೇ ಹೇಳುವನು, “ಆ ಹುಡುಗನ್ನ ನಂಗ ಕೊಡ್ರಿ ಅಂತದ, ಆಯಿ.” ಮೋಗ್ಲಿಗೆ ಕನ್ನಡ ದನಿ ಕೊಟ್ಟವರು ಇಂಥ ಮೊಮ್ಮಕ್ಕಳೇ. ಸಂಬಳವಿಲ್ಲದ ಡಬ್ಬಿಂಗ್ ಅದು.

ಆ ಕಥೆ ಬಂದ ದಾರಿ ನೋಡಿ. ಕಾಡು ಮಧ್ಯಪ್ರದೇಶದ ಸಿವನಿಯದು. ಬರೆದವರು ಇಂಗ್ಲಿಷಿನ ಕಿಪ್ಲಿಂಗ್. ಚಿತ್ರಿಸಿದವರು ಜಪಾನಿಯರು. ಹಿಂದಿಯಾಗಿ ಮೋರಖಂಡಿ ಸೇರಿತು. ಹೊರದೇಶಕ್ಕೆ ಮಾರುವ ಸರಣಿಗಳಿಗೆ ಜಪಾನಿಯರು ಹೆಚ್ಚಾಗಿ ಆರಿಸಿಕೊಂಡದ್ದು ಹೀಗೆ ಎಲ್ಲರೂ ಬಲ್ಲ ಪುಸ್ತಕಗಳನ್ನು. ಸ್ವಿಟ್ಜರ್‌ಲೆಂಡಿನ ‘ಹೈಡಿ’ 1974ರಲ್ಲಿ, ಕೆನಡಾದ ‘ಆನ್’ 1979ರಲ್ಲಿ. ತಮ್ಮ ಆಯಿಯ ಕಥೆಗಳನ್ನು ಮನೆಯಲ್ಲಿಟ್ಟುಕೊಂಡರು, ಪರರ ಕಥೆಗಳನ್ನು ಚೆಂದ ಮಾಡಿ ಪರರಿಗೇ ಮಾರಿದರು.

ಅನಿಮೆ ನಮಗೆ ಕನ್ನಡದಲ್ಲಿ ಬಾರದಿರುವುದು ಅಂದಿನ ಮಾತಷ್ಟೇ ಅಲ್ಲ. ಜಪಾನಿನ ಯುಗೊ ಸಾಕೊ ಅವರು ನಮ್ಮ ದೇಶದ ರಾಮ್ ಮೋಹನ್ ಜೊತೆ ಸೇರಿ ಮಾಡಿದ ರಾಮಾಯಣದ ಅನಿಮೆ ಚಿತ್ರ 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂತು; ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚಿತ್ರಮಂದಿರ ತುಂಬಿಸಿದ ‘ಡೀಮನ್ ಸ್ಲೇಯರ್’ ಅನಿಮೆ ಕೂಡ ಹಿಂದಿ, ತಮಿಳು, ತೆಲುಗಿಗೆ ಡಬ್ ಆಯಿತು. ಕನ್ನಡ ಎರಡರಲ್ಲೂ ಇಲ್ಲ. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಬಾಗಿಲು ಹಾಕಿಕೊಂಡ ನಾಡಿನಲ್ಲಿ, ಬಾಗಿಲು ತೆರೆದ ಮೇಲೂ ಬರುವವರಿಗೆ ಈ ಮನೆಯ ನೆನಪಾಗುವುದು ತಡ. ಇನ್ನು ನಮ್ಮದೇ ಪುಣ್ಯಕೋಟಿ ಹಸುವಿನ ಕಥೆ 2020ರಲ್ಲಿ ಅನಿಮೇಶನ್ ಚಿತ್ರವಾಗಿ ಬಂದಾಗ ಆಡಿದ್ದು ಸಂಸ್ಕೃತ.

ಹಾಗಂತ ನಮ್ಮ ಕಡೆಗೆ ನಮ್ಮ ಮಾತಿನ ಟಿ.ವಿ. ಬರಲೇ ಇಲ್ಲವೆಂದಲ್ಲ. ಜಪಾನಿನಲ್ಲಿ ಆ ಕಥೆಗಳು ಶುರುವಾದ 1975ರಲ್ಲೇ, ಆಗಸ್ಟ್ 1ರಂದು, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ‘ಸೈಟ್’ ಪ್ರಯೋಗ ಆರಂಭಿಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ, ಕೋಳಿ ಬಲೆಯಂಥ ತಂತಿಯ ದೊಡ್ಡ ಆಂಟೆನಾ ಹಾಕಿ, ಟಿ.ವಿ. ಇಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಕನ್ನಡದಲ್ಲೇ ಕಾರ್ಯಕ್ರಮ. ಬೆಂಗಳೂರಿಗೆ ಟಿ.ವಿ. ಬರುವುದಕ್ಕೂ ಮೊದಲು ನಮ್ಮ ಕಡೆಯ ಹಳ್ಳಿಗಳಲ್ಲಿ ಟಿ.ವಿ. ಕನ್ನಡ ಮಾತಾಡಿತ್ತು. 1976ರ ಜುಲೈ 31ಕ್ಕೆ ಉಪಗ್ರಹದ ಗಡುವು ಮುಗಿಯಿತು. ಅದರ ಬೆನ್ನಿಗೆ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೀದರ ಜಿಲ್ಲೆಗೆ ಆ ಪ್ರಯೋಗದ ಭಾಗ್ಯವಿರಲಿಲ್ಲ. ಪಕ್ಕದ ಜಿಲ್ಲೆಯ ಸುದ್ದಿಯಾಗಿಯೇ ಉಳಿಯಿತು.

ಯಾರಿಗಾಗಿ ಹೇಳುವುದು?

ಕಡಲು ದಾಟದ್ದು ಸೋತದ್ದು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಕಲ್ಯಾಣದ ನೆರೆಯಲ್ಲಿ ಬದುಕುವವರಿಗೆ ಆ ಮಾತು ಒಪ್ಪದು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಮಡಿವಾಳರು, ಅಂಬಿಗರು, ಕಾಯಕದ ಹೆಣ್ಣುಮಕ್ಕಳು ಆಡಿದ ವಚನಗಳು ದೂರದ ಓದುಗರನ್ನು ಎಣಿಸಿ ಆಡಿದವಲ್ಲ, ಎದುರು ಕೂತವರಿಗೆ ಅವರ ಮಾತಿನಲ್ಲೇ ಹೇಳಿದವು. 1973ರಲ್ಲಿ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ಅವನ್ನು ಇಂಗ್ಲಿಷ್ ಓದುಗರ ಮುಂದಿಟ್ಟದ್ದು ಎಂಟುನೂರು ವರ್ಷದ ನಂತರ. ಮೊದಲು ಮನೆ, ಆಮೇಲೆ ಜಗತ್ತು.

ಜಪಾನಿನ ಆ ಇಬ್ಬರಲ್ಲಿ ತೊಕಿತಾ 2018ರ ಜುಲೈನಲ್ಲಿ ತೀರಿಕೊಂಡರು. ಇಚಿಹಾರಾ ಸುಮಾರು ಆರು ತಿಂಗಳ ಬಳಿಕ, 2019ರ ಜನವರಿಯಲ್ಲಿ. ತಾಶಿರೊ 2010ರಲ್ಲೇ ಹೋಗಿದ್ದರು, ಅದೇ ವರ್ಷ ಗ್ರೂಪ್ ಟ್ಯಾಕ್ ದಿವಾಳಿಯಾಗಿ ಮುಚ್ಚಿತು. ಆದರೂ ಆ ಇಬ್ಬರ ದನಿಯಲ್ಲಿ ಸಾವಿರದ ನಾನೂರು ಕಥೆಗಳಾದರೂ ಉಳಿದವು. ಮೋರಖಂಡಿಯಂಥ ಊರುಗಳಲ್ಲಿ ಒಬ್ಬೊಬ್ಬ ಆಯಿ ಹೋದಾಗಲೂ ಅವಳ ಕಥೆಗಳೆಲ್ಲ ಮಣ್ಣು ಸೇರುತ್ತಿವೆ. ಮರಾಠಿ, ಉರ್ದು, ತೆಲುಗು, ಲಂಬಾಣಿ ಬೆರೆತ ನಮ್ಮ ಗಡಿನಾಡಿನ ಕನ್ನಡದಲ್ಲಿ ಕಾರ್ಟೂನು ನೋಡಿದ ಮಗು ಇಲ್ಲಿ ಇನ್ನೂ ಹುಟ್ಟಿಲ್ಲ.

ಅಂಥ ಕಾರ್ಟೂನಿಗೆ ಬೇಕಾದುದು ದೊಡ್ಡ ಬಂಡವಾಳವಲ್ಲ ಎಂಬುದೇ ಆ ಸರಣಿ ಕಲಿಸುವ ಪಾಠ. ಕಥೆಗಳನ್ನು ಕೂಡಿಹಾಕಲು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಪ್ರಸಾರಕ್ಕೆ ಚಂದನ ಇದೆ. ಹಣಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಚಿತ್ರಕ್ಕೆ ಕಲಬುರಗಿಯ ಕಲಾಶಾಲೆಗಳಲ್ಲಿ ಕಲಿತ ಹುಡುಗ ಹುಡುಗಿಯರಿದ್ದಾರೆ. ವಾರಕ್ಕೆ ಒಂದೇ ಕಥೆ ಸಾಕು, ಹದಿನೈದೇ ನಿಮಿಷ ಸಾಕು. ದನಿಗೆ ಬೀದರ ಸೀಮೆಯ ಒಬ್ಬ ಮುತ್ಯಾ, ಒಬ್ಬಳು ಆಯಿ ಸಾಕು. ಅದು ಟೋಕಿಯೊ ಹಾಗಿರಲಿ, ಬೆಂಗಳೂರಿಗೂ ತಲುಪದಿದ್ದರೆ ಚಿಂತೆಯಿಲ್ಲ. ಅಷ್ಟರವರೆಗೆ ಓದುಗರಲ್ಲಿ ಒಂದು ಮಾತು: ಮನೆಯಲ್ಲಿ ಕಥೆ ಬಲ್ಲ ಹಿರಿಯರಿದ್ದರೆ, ಕೈಲಿರುವ ಮೊಬೈಲನ್ನು ಈ ಭಾನುವಾರ ಅವರ ಮುಂದಿಟ್ಟು ರೆಕಾರ್ಡ್ ಒತ್ತಿ.